ಕೆನ್ಯಾದ ನೈರೋಬಿಯಲ್ಲಿ ಮಕ್ಕಳಿಗಾಗಿ ಒಂದು ಓದುವ ಕೋಣೆ ಶುರು ಮಾಡಿದ್ದೇನೆ, ನಾನು ಊರಿಗೆ ಬಂದ ಮೇಲೂ ಅದು ನಡೆಯಬೇಕು. ಅನುಭವ ಇದ್ದವರು ಹೇಳಿ

ಧಾರವಾಡದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನೈರೋಬಿಗೆ ಬಂದು ಎರಡು ವರ್ಷ ಆಗುತ್ತಾ ಬಂತು. ಮನೆಯವರ ಕೆಲಸದ ಮೇಲೆ ಬಂದವಳು ನಾನು. ಮೊದಮೊದಲು ಮನೆ, ಮಾರ್ಕೆಟ್, ದೇವಸ್ಥಾನ ಇಷ್ಟೇ ಇತ್ತು. ಆಮೇಲೆ ಪಕ್ಕದ ಮನೆಯ ಟೀಚರ್ ಒಬ್ಬರು ಮಥಾರೆಗೆ ಕರೆದುಕೊಂಡು ಹೋದರು. ನೈರೋಬಿಯ ಹಳೇ ಕೊಳೆಗೇರಿಗಳಲ್ಲಿ ಮಥಾರೆ ಒಂದು. ನದಿಯ ಇಕ್ಕೆಲದಲ್ಲೂ ತಗಡಿನ ಮನೆಗಳು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿವೆ. ಅಲ್ಲಿನ ಹುಡುಗರಿಗೆ ಏನಾದರೂ ಮಾಡಬೇಕು ಅಂತ ಅವತ್ತೇ ಅನ್ನಿಸಿತು.

ಮೊದಲು ಶುರು ಮಾಡಿದ್ದು ಕಂಪ್ಯೂಟರ್ ಕ್ಲಾಸ್. ಪರಿಚಯದವರ ಹತ್ತಿರ ಕೇಳಿ ನಾಲ್ಕು ಹಳೇ ಲ್ಯಾಪ್‌ಟಾಪ್ ತಂದೆ. ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕ್ಲಾಸ್. ಆಗಷ್ಟೇ ಸ್ವಾಹಿಲಿ ಕಲಿಯುತ್ತಿದ್ದೆ, ಉತ್ಸಾಹದಲ್ಲಿ "ಸಾ ಕುಮಿ" ಅಂತ ಎಲ್ಲರಿಗೂ ಹೇಳಿ ಬಂದೆ. ಕುಮಿ ಅಂದರೆ ಹತ್ತು. ಶನಿವಾರ ಹತ್ತಾಯಿತು, ಹನ್ನೊಂದಾಯಿತು, ಒಬ್ಬರೂ ಇಲ್ಲ. ಹನ್ನೆರಡರವರೆಗೆ ಕಾದು ಬೀಗ ಹಾಕಿ, ಬೇಜಾರಿನಲ್ಲಿ ಮನೆಗೆ ಬಂದೆ. ಈ ಹುಡುಗರಿಗೆ ಆಸಕ್ತಿಯೇ ಇಲ್ಲ ಅಂತ ಮನೆಯವರ ಹತ್ತಿರ ಹೇಳಿದೆ ಕೂಡ. ಮುಂದಿನ ವಾರ ಗೊತ್ತಾಯಿತು, ಅವರೆಲ್ಲ ಸಂಜೆ ನಾಲ್ಕಕ್ಕೆ ಬಂದು ಬೀಗ ನೋಡಿ ವಾಪಸ್ ಹೋಗಿದ್ದರು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದಾಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು. ಅವರ ಹತ್ತು ಅಂದರೆ ನಮ್ಮ ಸಾಯಂಕಾಲ ನಾಲ್ಕು. ಹದಿನೆಂಟು ಮಕ್ಕಳು ಬಂದಿದ್ದರಂತೆ. ಅದನ್ನು ಕೇಳಿದ ದಿನ ತುಂಬಾ ಸಂಕಟ ಆಯಿತು. ಅವರು ಸರಿಯಾದ ಹೊತ್ತಿಗೇ ಬಂದಿದ್ದರು. ಅವರನ್ನು ಕೇಳದೆಯೇ ಸೋಮಾರಿಗಳು ಅಂದುಕೊಂಡವಳು ನಾನು.

ಕ್ಲಾಸ್ ಐದು ವಾರ ನಡೆದು ನಿಂತಿತು. ಅಲ್ಲಿ ಕರೆಂಟ್‌ಗೆ ಮೊದಲೇ ದುಡ್ಡು ಕಟ್ಟಿ ಟೋಕನ್ ನಂಬರ್ ಒತ್ತಬೇಕು. ಟೋಕನ್ ಮುಗಿದರೆ ಕತ್ತಲೆ. ಹುಡುಗಿಯರಿಗೆ ಆ ಹೊತ್ತಿಗೆ ನೀರು ತರುವ ಕೆಲಸ, ಇಪ್ಪತ್ತು ಲೀಟರಿನ ಹಳದಿ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಕೊನೆಗೆ ಒಬ್ಬಳು ಬಾಯಿಬಿಟ್ಟು ಹೇಳಿದಳು: ನಮಗೆ ಕಂಪ್ಯೂಟರ್ ಬೇಡ ಅಂತಲ್ಲ, ಆದರೆ ಮೊದಲು ರಾತ್ರಿ ಓದೋಕೆ ಬೆಳಕಿರುವ ಒಂದು ಜಾಗ ಬೇಕು, ಮನೇಲಿ ಆರು ಜನ ಒಂದೇ ಕೋಣೆ.

ಹಾಗೆ ಈ ಓದುವ ಕೋಣೆ ಆಯಿತು. ಮೂರು ಟೇಬಲ್, ಎರಡು ಬೆಂಚು, ಒಂದು ಸೋಲಾರ್ ದೀಪ. ಈಗ ದಿನಾ ಇಪ್ಪತ್ತೈದು ಮೂವತ್ತು ಮಕ್ಕಳು ಬರುತ್ತಾರೆ. ಇನ್ನು ಮೂರು ತಿಂಗಳಿಗೆ ನಾವು ಧಾರವಾಡಕ್ಕೆ ವಾಪಸ್. ಬಾಡಿಗೆ ಕಟ್ಟುವವಳು ನಾನು, ಬೀಗದ ಕೈ ನನ್ನ ಹತ್ತಿರ, ಹಾಜರಿ ಪುಸ್ತಕ ನನ್ನ ಹತ್ತಿರ. ನಾನು ಹೋದರೆ ಇದು ಮುಚ್ಚುತ್ತೆ ಅಂತ ಭಯ. ಏನು ಮಾಡಬೇಕು ಹೇಳಿ.

ಮೇಷ್ಟ್ರು_ಶಿರಸಿ

ತಂಗಿ, ನಿಮ್ಮ ಗಂಟೆಯ ವಿಷಯ ಓದಿ ನನ್ನ ಅಜ್ಜಿ ನೆನಪಾದಳು. "ಹೊತ್ತು ಹುಟ್ಟಿ ನಾಲ್ಕು ಗಳಿಗೆ ಆಯ್ತು" ಅನ್ನುತ್ತಿದ್ದಳು. ನಮ್ಮ ಗಳಿಗೆ ಲೆಕ್ಕವೂ ಸೂರ್ಯ ಹುಟ್ಟಿದಾಗಿನಿಂದಲೇ. ನೈರೋಬಿ ಸಮಭಾಜಕ ವೃತ್ತದ ಹತ್ತಿರ ಇದೆ, ವರ್ಷವಿಡೀ ಬೆಳಗಾಗುವ ಹೊತ್ತು ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಅಲ್ಲಿ ಆ ಲೆಕ್ಕ ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಸಾಲುಗಳಲ್ಲೇ ಇದೆ. ಬಾಡಿಗೆ, ಬೀಗದ ಕೈ, ಪುಸ್ತಕ. ಮೂರೂ ನಿಮ್ಮ ಹತ್ತಿರ ಇದ್ದರೆ ಅದು ನಿಮ್ಮ ಕೋಣೆ, ಅವರದಲ್ಲ.

ಕರಿನೀರು

ಬೇಜಾರು ಮಾಡ್ಕೋಬೇಡಿ, ಮನಸ್ಸಿನಲ್ಲಿರೋದನ್ನು ನೇರವಾಗಿ ಹೇಳುತ್ತೇನೆ. ನಾನು ರಾಯಚೂರು ಜಿಲ್ಲೆಯವನು. ನಮ್ಮ ಊರಲ್ಲೂ ಮಕ್ಕಳಿಗೆ ಓದೋಕೆ ಜಾಗ ಇಲ್ಲ. ಅಷ್ಟು ದೂರ ಹೋಗಿ ಮಾಡುವ ಕೆಲಸ ಇಲ್ಲಿ ಯಾಕೆ ಮಾಡಬಾರದು? ನಮ್ಮವರು ಹೊರದೇಶದಲ್ಲಿ ಸೇವೆ ಅಂದರೆ ಫೋಟೋ ಬರುತ್ತೆ, ಹೆಸರು ಬರುತ್ತೆ. ದೇವದುರ್ಗದಲ್ಲಿ ಮಾಡಿದರೆ ಯಾರೂ ಕೇಳಲ್ಲ. ನಿಮ್ಮನ್ನೇ ಹೇಳುತ್ತಿಲ್ಲ, ಒಟ್ಟಾರೆ ಹೇಳುತ್ತಿದ್ದೇನೆ.

ಧಾರವಾಡದವಳು

ಬೇಜಾರಿಲ್ಲ ಅಣ್ಣ. ನಾನೂ ನನ್ನನ್ನೇ ಇದನ್ನು ಕೇಳಿಕೊಂಡಿದ್ದೇನೆ. ನಾನು ಈಗ ಇರುವ ಊರು ಇದು. ಇದ್ದ ಊರಲ್ಲಿ ಬಾಗಿಲು ಹಾಕಿಕೊಂಡು ಕೂತು, ಸೇವೆ ಮಾಡೋದು ನಮ್ಮೂರಿಗೆ ಹೋದ ಮೇಲೆ ಅನ್ನೋದು ನನಗೆ ಸರಿ ಕಾಣಲಿಲ್ಲ. ಇಲ್ಲಿ ನನ್ನನ್ನು "ಮುಹಿಂದಿ" ಅನ್ನುತ್ತಾರೆ, ಇಂಡಿಯಾದವಳು ಅಂತ. ಇಂಡಿಯಾ ಮೂಲದವರು ಇಲ್ಲಿ ನೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇದ್ದಾರೆ. 2017ರಲ್ಲಿ ಕೆನ್ಯಾ ಸರ್ಕಾರ ಅವರನ್ನು ದೇಶದ 44ನೇ ಬುಡಕಟ್ಟು ಅಂತ ಗುರುತಿಸಿತು. ಆದರೆ ಮಥಾರೆಯ ಮಕ್ಕಳಿಗೆ ಮುಹಿಂದಿ ಅಂದರೆ ಅಂಗಡಿಯ ಕೌಂಟರಿನ ಆಚೆ ಕೂತವರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರನ್ನು ಅವರು ಜಾಸ್ತಿ ನೋಡಿಲ್ಲ. ಅದೊಂದಾದರೂ ಬದಲಾಗಲಿ ಅಂತ ಆಸೆ.

ದೇವದುರ್ಗದ ವಿಷಯ ಮನಸ್ಸಿಗೆ ನಾಟಿತು. ಊರಿಗೆ ಬಂದ ಮೇಲೆ ನಿಮಗೆ ಮೆಸೇಜ್ ಮಾಡುತ್ತೇನೆ. ಸುಮ್ನೆ ಹೇಳ್ತಿಲ್ಲ.

ಗೋಲ್‌ಕೀಪರ್_ಹುಬ್ಬಳ್ಳಿ

ಮಥಾರೆ ಅಂದ ಕೂಡಲೇ ಬರೆಯಲೇಬೇಕು ಅನ್ನಿಸಿತು. ಫುಟ್‌ಬಾಲ್ ಹುಚ್ಚಿರುವವರಿಗೆ ಆ ಹೆಸರು ಗೊತ್ತಿರುತ್ತೆ.

1987ರಲ್ಲಿ ಬಾಬ್ ಮನ್ರೋ ಅಂತ ಕೆನಡಾದವರು ಒಬ್ಬರು ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಕೆಲಸದಲ್ಲಿದ್ದರು. ಮಥಾರೆಯಲ್ಲಿ ಬರಿಗಾಲಿನ ಹುಡುಗರು ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ ಚೆಂಡಿನಲ್ಲಿ ಆಡೋದನ್ನು ನೋಡಿದರು. ಸುತ್ತ ಕಸದ ರಾಶಿ. ಅವರು ಹುಡುಗರ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ನೀವು ಏನಾದರೂ ಮಾಡಿದರೆ ನಾನೂ ಮಾಡುತ್ತೇನೆ, ನೀವು ಮಾಡದಿದ್ದರೆ ನಾನೂ ಇಲ್ಲ. ಅಲ್ಲಿಂದ ಶುರುವಾಗಿದ್ದು ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್. ಎಲ್ಲರೂ ಮೈಸಾ ಅನ್ನುತ್ತಾರೆ. ಇದರ ಲೀಗ್‌ನಲ್ಲಿ ಮ್ಯಾಚ್ ಗೆದ್ದರೆ ಮಾತ್ರ ಅಂಕ ಅಲ್ಲ, ತಂಡದವರು ತಮ್ಮ ಓಣಿಯ ಚರಂಡಿ ಕ್ಲೀನ್ ಮಾಡಿ ಕಸ ಎತ್ತಿದರೂ ಅಂಕ. ಆಟದಲ್ಲಿ ಸಾಧಾರಣ ಇರುವ ತಂಡವೂ ಸಲಿಕೆ ಹಿಡಿದರೆ ಮೇಲೆ ಬರಬಹುದು!

1992ರ ಹೊತ್ತಿಗೆ ಹುಡುಗಿಯರ ತಂಡಗಳು ಬಂದವು. 1994ರಲ್ಲಿ ಮಥಾರೆ ಯುನೈಟೆಡ್ ಅನ್ನುವ ಕ್ಲಬ್ ಕಟ್ಟಿದರು. ಅದೇ ಕ್ಲಬ್ 2008ರಲ್ಲಿ ಕೆನ್ಯಾದ ಪ್ರೀಮಿಯರ್ ಲೀಗ್ ಗೆದ್ದಿತು. ಚೀಲದ ಚೆಂಡಿನ ಓಣಿಯಿಂದ ದೇಶದ ಚಾಂಪಿಯನ್.

ಆದರೆ ಮೇಡಂ, ನಿಮಗೆ ಬೇಕಾದ ವಿಷಯ ಕಪ್ ಅಲ್ಲ. ಅದನ್ನು ನಡೆಸಿದವರು ಯಾರು ಅನ್ನೋದು. ಲೀಗ್ ವೇಳಾಪಟ್ಟಿ, ರೆಫರಿ, ಕೋಚಿಂಗ್, ಶಿಸ್ತು ಎಲ್ಲಾ ಹುಡುಗರ ಕೈಯಲ್ಲೇ. ತಮ್ಮ ಮುಖಂಡರನ್ನು ಅವರೇ ಓಟು ಹಾಕಿ ಆರಿಸುತ್ತಾರೆ. ಜಾಸ್ತಿ ಹೊಣೆ ಹೊತ್ತು ದುಡಿದವರಿಗೆ ಶಾಲೆ ಫೀಸಿಗೆ ಸಹಾಯ ಸಿಗುತ್ತೆ. ಫೀಸನ್ನು ದಾನ ಅಂತ ಕೊಡದೆ, ಮಾಡಿದ ಕೆಲಸಕ್ಕೆ ಸಿಕ್ಕ ಗೌರವ ಅಂತ ಕೊಡುತ್ತಾರೆ. ಈ ವ್ಯತ್ಯಾಸ ದೊಡ್ಡದು.

ಧಾರವಾಡದವಳು

ಹೌದು! ನಮ್ಮ ಕೋಣೆಗೆ ಬರುವ ಹುಡುಗರಲ್ಲಿ ಮೂವರು ಆ ಲೀಗ್‌ನಲ್ಲಿ ಆಡುತ್ತಾರೆ. ಚೀಲದ ಚೆಂಡಿಗೆ ಇಲ್ಲಿ "ಜುಆಲಾ" ಅನ್ನುತ್ತಾರೆ, ಪ್ಲಾಸ್ಟಿಕ್ ಚೀಲಕ್ಕೂ ಅದೇ ಹೆಸರು. 2017ರ ಆಗಸ್ಟ್‌ನಲ್ಲಿ ಕೆನ್ಯಾ ಪ್ಲಾಸ್ಟಿಕ್ ಚೀಲ ನಿಷೇಧ ಮಾಡಿತಲ್ಲ, ಅದಾದ ಮೇಲೆ ಚೀಲ ಸಿಗುವುದು ಕಷ್ಟ ಆಗಿದೆ. ಮೊನ್ನೆ ಹತ್ತು ವರ್ಷದ ಹುಡುಗ ಒಬ್ಬ ನನ್ನ ಮುಂದೆಯೇ ಕೂತು ಚೆಂಡು ಮಾಡಿದ. ಒಳಗೆ ಹಳೇ ಸ್ವೆಟರಿನ ತುಂಡು, ಅದರ ಮೇಲೆ ಬಟ್ಟೆ ಚಿಂದಿ, ಆಮೇಲೆ ಗೋಣಿ ದಾರ. ದಾರ ಬಲೆಯ ಹಾಗೆ ಬರಬೇಕು, ಪ್ರತಿ ಸುತ್ತಿಗೂ ಒಂದು ಗಂಟು, ಹಲ್ಲಿನಲ್ಲಿ ಹಿಡಿದು ಎಳೆಯುತ್ತಿದ್ದ. ಆಮೇಲೆ ನೆಲಕ್ಕೆ ಕುಕ್ಕಿ ನೋಡಿದ, ಅದು ಮೊಣಕಾಲಿನವರೆಗೆ ಪುಟಿಯಿತು. ಸಾಕಾಗಲಿಲ್ಲ ಅಂತ ಬಿಚ್ಚಿ ಮತ್ತೆ ಕಟ್ಟಿದ. ನಾನು ಅಂಗಡಿಯಿಂದ ಒಂದು ಚೆಂಡು ತಂದುಕೊಡುತ್ತೇನೆ ಅಂದಿದ್ದರೆ ಎರಡು ನಿಮಿಷದ ಕೆಲಸ. ಹೇಳಲಿಲ್ಲ. ಅವನ ಮುಖ ನೋಡಿ ಹೇಳಬಾರದು ಅನ್ನಿಸಿತು.

ಕಾಡುದಾರಿ

ಯಲ್ಲಾಪುರದಿಂದ ಬರೆಯುತ್ತಿದ್ದೇನೆ. 1987 ಅಂದಿರಲ್ಲ, ಓದಿ ಒಂದು ಕ್ಷಣ ನಿಂತೆ.

ಅದೇ ವರ್ಷ ನಮ್ಮಲ್ಲೂ ಒಂದು ಯೋಜನೆ ಬಂತು. ಆಫ್ರಿಕಾ ಮೂಲದ ಸಿದ್ದಿ ಜನ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಇದ್ದಾರೆ, ನಿಮಗೆಲ್ಲ ಗೊತ್ತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದವರು ಮಾರ್ಗರೆಟ್ ಆಳ್ವ. ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ, ಕರೆದುಕೊಂಡು ಹೋಗಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟರು. ಒಳ್ಳೆಯ ಓಟಗಾರರು ಹೊರಬಂದರು, ಪದಕಗಳೂ ಬಂದವು. 1993ರಲ್ಲಿ ಅದು ನಿಂತುಹೋಯಿತು. ಮಕ್ಕಳು ಸ್ಪೈಕ್ ಶೂ ಚೀಲದಲ್ಲಿ ಹಾಕಿಕೊಂಡು ಕಾಡಿಗೆ, ಕೂಲಿಗೆ ವಾಪಸ್ ಬಂದರು. ಬಹಳ ವರ್ಷ ಆದ ಮೇಲೆ ಮತ್ತೆ ಪ್ರಯತ್ನ ನಡೆದಿದೆ, ಆದರೆ ಆ ತಲೆಮಾರು ಕಳೆದುಹೋಯಿತು.

ನನಗೆ ಯೋಜನೆ ಮಾಡಿದವರ ಮೇಲೆ ಕೋಪ ಇಲ್ಲ, ಅದು ಒಳ್ಳೆಯ ಮನಸ್ಸಿನಿಂದ ಬಂದ ಯೋಜನೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವರ್ಷ ಶುರುವಾದವು. ಒಂದು ದೂರದ ಆಫೀಸಿನ ಫೈಲಿನಲ್ಲಿತ್ತು, ಫೈಲ್ ಮುಚ್ಚಿದಾಗ ಮುಚ್ಚಿತು. ಇನ್ನೊಂದು ಆ ಓಣಿಯ ಹುಡುಗರ ಕೈಯಲ್ಲಿತ್ತು, ಇನ್ನೂ ನಡೆಯುತ್ತಿದೆ. ಮೇಡಂ, ನಿಮ್ಮ ಕೋಣೆಯನ್ನು ಫೈಲ್ ಮಾಡಬೇಡಿ.

ಮಂಡ್ಯ_ಮೆಲ್ಬರ್ನ್

ಒಂದು ಎಚ್ಚರಿಕೆ ಹೇಳಬೇಕು. ಇದನ್ನು ಓದಿ ಯಾರಾದರೂ "ನಾನೂ ಹೊರದೇಶಕ್ಕೆ ಹೋಗಿ ಸೇವೆ ಮಾಡುತ್ತೇನೆ" ಅಂತ ಹೊರಟರೆ, ದಯವಿಟ್ಟು ಅನಾಥಾಲಯಗಳಿಗೆ ಎರಡು ವಾರದ ಸೇವೆ ಅಂತ ದುಡ್ಡು ಕಟ್ಟಿ ಹೋಗಬೇಡಿ. ಕಾಂಬೋಡಿಯಾದಂಥ ಕಡೆ ಅನಾಥಾಲಯದಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ. ಸ್ವಯಂಸೇವಕರು ಬರುತ್ತಾರೆ, ದುಡ್ಡು ಬರುತ್ತೆ ಅಂತಲೇ ಮಕ್ಕಳನ್ನು ಬಡ ಮನೆಗಳಿಂದ ತಂದು ತುಂಬಿಸಿದ ಉದಾಹರಣೆಗಳಿವೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ 2018ರ ಆಧುನಿಕ ಗುಲಾಮಗಿರಿ ಕಾಯ್ದೆ ಬರುವ ಮುಂಚೆ ಸಂಸತ್ತಿನ ವಿಚಾರಣೆಯಲ್ಲೇ ಈ ವಿಷಯ ದೊಡ್ಡದಾಗಿ ಚರ್ಚೆಯಾಯಿತು.

ಮಕ್ಕಳ ಕಡೆಯಿಂದ ಯೋಚನೆ ಮಾಡಿ. ಎರಡು ವಾರಕ್ಕೊಮ್ಮೆ ಒಬ್ಬ ಹೊಸ ಅಕ್ಕ ಬಂದು ತಬ್ಬಿಕೊಂಡು, ಅತ್ತು, ಹೋಗಿಬಿಟ್ಟರೆ ಆ ಮಗುವಿಗೆ ಏನನ್ನಿಸಬೇಕು?

ಮೂಲ ಬರಹದವರು ಹಾಗೆ ಮಾಡಿಲ್ಲ, ಅದಕ್ಕೆ ಖುಷಿ. ನಾನು ಹೇಳಿದ್ದು ಮುಂದೆ ಓದುವವರಿಗೆ.

ಸಾಧನಕೇರಿ

ಧಾರವಾಡದವರು ಧಾರವಾಡದ ಉದಾಹರಣೆ ಮರೆತಿರಲ್ಲ! ಕಲ್ಕೇರಿ ಸಂಗೀತ ವಿದ್ಯಾಲಯ. 2002ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಬಂದ ತರುಣ ಮ್ಯಾಥ್ಯೂ ಫೋರ್ಟಿಯೆ ಮತ್ತು ಅವರ ಜೊತೆಗಾರರು ಕಟ್ಟಿದ್ದು. ಸುತ್ತಲಿನ ಹಳ್ಳಿಗಳ ಬಡ ಮಕ್ಕಳಿಗೆ ಊಟ, ವಸತಿ, ಶಾಲೆ, ಹಿಂದೂಸ್ತಾನಿ ಸಂಗೀತ ಎಲ್ಲಾ ಉಚಿತ. ನಾನು ಒಮ್ಮೆ ಬೆಳಿಗ್ಗೆ ಹೋಗಿದ್ದೆ. ಒಂದು ಮರದ ಕೆಳಗೆ ತಬಲಾ, ಇನ್ನೊಂದು ಕಡೆ ಹಾಡಿಕೆ, ಪುಟ್ಟ ಹುಡುಗಿಯೊಬ್ಬಳು ತನಗಿಂತ ಉದ್ದದ ಸಿತಾರ್ ಹಿಡಿದು ಕೂತಿದ್ದಳು.

ನನಗೆ ಇಷ್ಟವಾದದ್ದು ಏನು ಅಂದರೆ, ಅವರು ಕೆನಡಾದ ಸಂಗೀತ ತಂದು ಇಲ್ಲಿನ ಮಕ್ಕಳಿಗೆ ಕಲಿಸಲಿಲ್ಲ. ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಇದ್ದ ಮಣ್ಣು ಇದು. ಇಲ್ಲೇ ಇದ್ದ ವಿದ್ಯೆ, ಇಲ್ಲಿನ ಗುರುಗಳು, ಆದರೆ ಆ ವಿದ್ಯೆ ಹತ್ತಿರವೂ ಸುಳಿಯಲು ಆಗದಿದ್ದ ಮಕ್ಕಳಿಗೆ ಬಾಗಿಲು ತೆರೆದರು. ಆಮೇಲೆ ಅದೇ ಯೋಚನೆ ಕ್ವಿಬೆಕ್‌ಗೆ ವಾಪಸ್ ಹೋಯಿತು. ಅಲ್ಲಿನ ಬಡ ಮಕ್ಕಳಿಗೂ, ಮೂಲನಿವಾಸಿಗಳ ಒಂದು ಊರಿನಲ್ಲೂ ಸಂಗೀತ ಶಾಲೆ ಶುರು ಮಾಡಿದರು.

ಇನ್ನೊಂದು ಮಾತು. ನಿಮಗೆ ಸ್ವಾಹಿಲಿ ಬೇಗ ಬಂದಿರಬೇಕಲ್ವಾ? ನನ್ನ ತಮ್ಮ ಮೊಂಬಾಸಾದಲ್ಲಿದ್ದಾಗ ಹೇಳುತ್ತಿದ್ದ: ಪುಸ್ತಕಕ್ಕೆ ಕಿತಾಬು, ಲೆಕ್ಕಕ್ಕೆ ಹೆಸಾಬು, ಅಂಗಡಿಗೆ ದುಕಾ, ಔಷಧಕ್ಕೆ ದವಾ, ಲೋಕಕ್ಕೆ ದುನಿಯಾ. ನಮ್ಮ ಕಡೆ ದವಾಖಾನಿ, ಹಿಸೇಬು, ದುಕಾನ ಅಂತ ಬೆಳೆದವರಿಗೆ ಮನೆಯ ಮಾತೇ ಅನ್ನಿಸುತ್ತೆ.

ಧಾರವಾಡದವಳು

ಹೆಸಾಬು! ನಮ್ಮ ಕೋಣೆಯ ಗೋಡೆ ಮೇಲೆ ಮಕ್ಕಳೇ ಆ ಪದ ಬರೆದಿದ್ದಾರೆ, ಗಣಿತದ ಮೂಲೆಗೆ. ಮೊದಲ ದಿನ ಅದನ್ನು ಓದಿದಾಗ ನಮ್ಮ ಓಣಿಯ ಕಿರಾಣಿ ಅಂಗಡಿ ಕಣ್ಣ ಮುಂದೆ ಬಂತು.

ಕಲ್ಕೇರಿಗೆ ನಾನು ಹೋಗಿಲ್ಲ, ಹತ್ತಿರದಲ್ಲೇ ಹುಟ್ಟಿ ಬೆಳೆದು! ಬಂದ ಮೇಲೆ ಖಂಡಿತ ಹೋಗುತ್ತೇನೆ.

ಲೆಕ್ಕಪತ್ರ

ನಾನು ಮೈಸೂರಿನಲ್ಲಿ ಸ್ವಸಹಾಯ ಸಂಘಗಳ ಲೆಕ್ಕ ನೋಡುವವಳು. ದುಡ್ಡಿನ ಮಾತು ಯಾರೂ ಆಡಲಿಲ್ಲ, ನಾನು ಆಡುತ್ತೇನೆ.

ಬಾಡಿಗೆ ತಿಂಗಳಿಗೆ ಎಷ್ಟು? ಅದನ್ನು ಮಕ್ಕಳ ಮನೆಯವರು ಹಂಚಿಕೊಳ್ಳಲು ಆಗುತ್ತಾ? ಆಗುವುದಿಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ, ಅವರನ್ನೇ ಕೇಳಿ. ಕೆನ್ಯಾದಲ್ಲಿ "ಚಾಮಾ" ಅಂತ ಇದೆಯಲ್ಲ, ನಮ್ಮ ಸಂಘ ಮತ್ತು ಚೀಟಿ ಇದ್ದ ಹಾಗೆ. ಅಲ್ಲಿನ ಹೆಂಗಸರಿಗೆ ಒಟ್ಟಿಗೆ ದುಡ್ಡು ಹಾಕಿ ಲೆಕ್ಕ ಇಡೋದು ನಮ್ಮಷ್ಟೇ ಚೆನ್ನಾಗಿ ಗೊತ್ತು. ಅದರ ಮೇಲೆ ಎಂ-ಪೆಸಾ. ಫೋನಿನಲ್ಲಿ ದುಡ್ಡು ಕಳಿಸೋದು ಅವರು 2007ರಿಂದ ಮಾಡುತ್ತಿದ್ದಾರೆ, ನಮ್ಮ ಯುಪಿಐ ಬಂದಿದ್ದು 2016ರಲ್ಲಿ.

ಕಿಬೇರಾದ ಕಥೆ ನಿಮಗೆ ಗೊತ್ತಿರಬಹುದು. ಅದೂ ನೈರೋಬಿಯದೇ ಕೊಳೆಗೇರಿ. 2000ದಲ್ಲಿ ರೈ ಬಾರ್ಕಾಟ್ ಅನ್ನುವ ಅಮೆರಿಕದ ವಿದ್ಯಾರ್ಥಿ ಅಲ್ಲಿ ಬಂದು ಉಳಿದಿದ್ದ. ತಬಿಥಾ ಅನ್ನುವ ವಿಧವೆ ನರ್ಸ್ ಒಬ್ಬರು ತರಕಾರಿ ವ್ಯಾಪಾರ ಮಾಡಲು ದುಡ್ಡು ಕೇಳಿದರು. ಅವನು ಕೊಟ್ಟಿದ್ದು 26 ಡಾಲರ್. ಮರುವರ್ಷ ಬಂದು ನೋಡಿದರೆ ಆಕೆ ವ್ಯಾಪಾರದ ಲಾಭದಲ್ಲಿ ತನ್ನ ಪುಟ್ಟ ಮನೆಯಲ್ಲೇ ಕ್ಲಿನಿಕ್ ತೆರೆದಿದ್ದರು. 2001ರಲ್ಲಿ ಇವರಿಬ್ಬರೂ ಸಲೀಂ ಮೊಹಮದ್ ಅನ್ನುವ ನೈರೋಬಿ ಯುವಕನ ಜೊತೆ ಸೇರಿ ಕ್ಯಾರೊಲಿನಾ ಫಾರ್ ಕಿಬೇರಾ ಕಟ್ಟಿದರು. 26 ಡಾಲರ್ ಮಾತ್ರ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಆಕೆಗೆ ಏನು ಬೇಕು ಅಂತ ಆಕೆಗೆ ಮೊದಲೇ ಗೊತ್ತಿತ್ತು.

ಹಾಗಾಗಿ ನನ್ನ ಸಲಹೆ: ಇವತ್ತೇ ಲೆಕ್ಕದ ಪುಸ್ತಕ ಅವರ ಕೈಗೆ ಕೊಡಿ. ತಪ್ಪು ಮಾಡಲಿ. ನೀವು ಅಲ್ಲಿರುವಾಗ ಆಗುವ ತಪ್ಪು ತಿದ್ದಬಹುದು. ಮೂರು ತಿಂಗಳ ಆಮೇಲೆ ಆದರೆ ಯಾರು ತಿದ್ದುತ್ತಾರೆ?

ಮೇಷ್ಟ್ರು_ಶಿರಸಿ

ಲೆಕ್ಕಪತ್ರ ಅವರ ಮಾತು ನೂರಕ್ಕೆ ನೂರು ನಿಜ. ಹಿಂದೆ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ನಮ್ಮ ದೇಶಕ್ಕೂ ಬರುತ್ತಿದ್ದರು, 1961ರಿಂದ 1976ರವರೆಗೆ. ಆಮೇಲೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ 68ನೇ ವಯಸ್ಸಿನಲ್ಲಿ ಮುಂಬೈ ಹತ್ತಿರದ ವಿಕ್ರೋಳಿಗೆ ನರ್ಸ್ ಆಗಿ ಬಂದು ಸುಮಾರು ಎರಡು ವರ್ಷ ಇದ್ದರು. ವಯಸ್ಸಾಯಿತು ಅಂತ ಕೂತುಕೊಳ್ಳುವವರಿಗೆ ಇದನ್ನು ಹೇಳುತ್ತಿರುತ್ತೇನೆ. ಎರಡು ವರ್ಷ ಅನ್ನೋದು ಹೆಚ್ಚು ಕಾಲ ಅಲ್ಲ. ಮೊದಲ ವರ್ಷ ಜನರನ್ನು ಅರಿಯುವುದರಲ್ಲೇ ಹೋಗುತ್ತೆ. ನಿಮ್ಮ ಎರಡು ವರ್ಷ ವ್ಯರ್ಥ ಆಗಿಲ್ಲ ತಂಗಿ.

ಧಾರವಾಡದವಳು

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ತಡವಾಗಿ ಉತ್ತರ ಕೊಡುತ್ತಿರುವುದಕ್ಕೆ ಕ್ಷಮಿಸಿ.

ನೀವು ಹೇಳಿದ ಹಾಗೆಯೇ ಮಾಡಿದೆ. ಒಂದು ಭಾನುವಾರ ಮಕ್ಕಳನ್ನೂ ಅವರ ಅಮ್ಮಂದಿರನ್ನೂ ಕೂರಿಸಿ ಎಲ್ಲಾ ಲೆಕ್ಕ ಮುಂದಿಟ್ಟೆ. ಬಾಡಿಗೆ ಇಷ್ಟು, ನಾನು ಇಂಥ ದಿನ ಹೋಗುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಂದಾಜಿ ಅನ್ನುವ ತಿಂಡಿ ಕರಿದು ಮಾರುವ ಒಬ್ಬ ತಾಯಿ ಎದ್ದು, ವಾರಕ್ಕೆ ಮನೆಗೆ ಐವತ್ತು ಶಿಲ್ಲಿಂಗ್ ಅಂದರು. ಇನ್ನೊಬ್ಬರು, ಕೆಲವರಿಗೆ ಅದೂ ಆಗಲ್ಲ, ಅವರು ಕೋಣೆ ಗುಡಿಸಿ ನೀರು ತರಲಿ ಅಂದರು. ಮೈಸಾದಲ್ಲಿ ಆಡುವ ಹುಡುಗ, ನಮ್ಮಲ್ಲಿ ಕೆಲಸಕ್ಕೂ ಅಂಕ ಇದೆ, ಇಲ್ಲೂ ಇಡೋಣ ಅಂದ. ಓಟು ಹಾಕಿ ಐದು ಜನರನ್ನು ಆರಿಸಿದರು, ಮೂವರು ಹುಡುಗಿಯರು, ಇಬ್ಬರು ಹುಡುಗರು. ನನ್ನ ಮನಸ್ಸಿನಲ್ಲಿದ್ದ ಹುಡುಗಿ ಆರಿಸಿ ಬರಲಿಲ್ಲ. ಸುಮ್ಮನೆ ಕೂತಿದ್ದೆ.

ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ಮೊದಲ ತಿಂಗಳ ಲೆಕ್ಕದಲ್ಲಿ ಮುನ್ನೂರು ಶಿಲ್ಲಿಂಗ್ ಕಡಿಮೆ ಬಂತು. ಯಾರೋ ಹೊಡೆದಿದ್ದಾರೆ ಅಂತ ಜಗಳ ಆಯಿತು. ಮೂರು ದಿನ ಬಿಟ್ಟು ಕಾರಣ ಸಿಕ್ಕಿತು, ಎಂ-ಪೆಸಾ ಕಳಿಸುವ ಚಾರ್ಜನ್ನು ಯಾರೂ ಬರೆದಿರಲಿಲ್ಲ, ಜೊತೆಗೆ ಒಬ್ಬರ ಕಂತು ಎರಡು ಸಲ ಬರೆದಿದ್ದರು. ಪುಸ್ತಕದಲ್ಲಿ ಈಗ ಅದಕ್ಕೆ ಬೇರೆ ಗೆರೆ ಎಳೆದಿದ್ದಾರೆ. ಕರೆಂಟ್ ಟೋಕನ್ ಈ ತಿಂಗಳೂ ನಾನೇ ಹಾಕಿಸಿದೆ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ನಿನ್ನೆ ಸಂಜೆ ಕೋಣೆಗೆ ಹೋದೆ. ಬಾಗಿಲು ಹಾಕಿತ್ತು. ನಾನು ಬರೆದು ಅಂಟಿಸಿದ್ದ ಸಮಯದ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ಬೇರೆ ಹಾಳೆ, ಸ್ವಾಹಿಲಿಯಲ್ಲಿ, ಅವರ ಗಂಟೆಯ ಲೆಕ್ಕದಲ್ಲಿ. ಸಂಜೆ ನೀರಿನ ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ ಸಮಯ ಬದಲಾಯಿಸಿದ್ದಾರೆ. ನನಗೆ ಯಾರೂ ಹೇಳಿರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಅರ್ಧ ಗಂಟೆ ಕೂತೆ. ಆಮೇಲೆ ಹಳದಿ ಕ್ಯಾನ್ ಮನೆಯಲ್ಲಿಟ್ಟು, ಒದ್ದೆ ಕೈ ಸ್ಕರ್ಟಿಗೆ ಒರೆಸಿಕೊಳ್ಳುತ್ತಾ ಹುಡುಗಿ ಬಂದಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ. "ಇನ್ನೂ ಹತ್ತು ನಿಮಿಷ ಇದೆ" ಅಂದಳು, ಬಾಗಿಲು ತೆಗೆದಳು, ದೀಪ ಹಚ್ಚಿದಳು, ಹಾಜರಿ ಪುಸ್ತಕ ಬಿಡಿಸಿ ನನ್ನ ಮುಂದಿಟ್ಟು ಸಹಿ ಮಾಡಿ ಅಂದಳು.

ಮಾಡಿದೆ. ಹನ್ನೆರಡನೇ ಸಾಲಿನಲ್ಲಿ ನನ್ನ ಹೆಸರಿದೆ.